ಕೃಷಿ ಪ್ರಶ್ನೋತ್ತರ: ಆಳವಾಗಿ ಉತ್ತರೆ ಜೇಕು ಹೋದೀತೇ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮದು ಒಂದು ಎಕರೆ ಮಜಲು ಗದ್ದೆ (ತಗ್ಗೂ ಅಲ್ಲದ, ಎತ್ತರವೂ ಅಲ್ಲದ ನಡುಮಟ್ಟದ್ದು). ನೇಜಿ (ಭತ್ತದ ಸಸಿ) ನೆಡುವುದನ್ನು ಬಿಟ್ಟು ಒಣಬಿತ್ತನೆಗೆ ಇಳಿದ ಮೇಲೆ ಜೇಕು ಎಂಬ ಕಳೆ ವಿಪರೀತವಾಗಿದೆ. ಮಣ್ಣು ಮಗುಚುವ ನೇಗಿಲಿನಿಂದ ಒಮ್ಮೆ ಆಳವಾಗಿ ಉಳುಮೆ ಮಾಡಿಸಿದರೆ ಬೀಜವೆಲ್ಲ ಹೂತುಹೋಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಹೂತುಹೋಗುವುದು ನಿಜ, ಆದರೆ ಸಾಯುವುದಿಲ್ಲ. ಜೇಕಿನ ಬೀಜ ಹುಡಿಯಷ್ಟು ಸಣ್ಣದು. ಅದರೊಳಗಿನ ಆಹಾರ ಮೊಳಕೆಯನ್ನು ಒಂದು ಸೆಂ.ಮೀ. ಮಣ್ಣು ದಾಟಿಸುವುದಕ್ಕೂ ಸಾಲದು. ಮೊಳೆಯಲು ಬೆಳಕೂ ಬೇಕು. ಹಾಗಾಗಿ ಈಗ ಹುಟ್ಟುತ್ತಿರುವುದೆಲ್ಲ ಮೇಲ್ಪದರದ್ದೇ. ಭತ್ತದ ಸಸಿಯನ್ನೇ ಹೋಲುವ ಎಕಿನೋಕ್ಲೋವಾ ಎಂಬ ಕಳೆಹುಲ್ಲು ಹಾಗಲ್ಲ, ಅದು ಮೂರು-ನಾಲ್ಕು ಸೆಂ.ಮೀ. ಆಳದಿಂದಲೂ ಬರುತ್ತದೆ. ಎಳೆಯ ಸಸಿಯೊಂದನ್ನು ಬೀಜದ ಹೊಟ್ಟು ಕಳಚದಂತೆ ಕಿತ್ತು ನೋಡಿ: ಹೊಟ್ಟಿನಿಂದ ಹಸಿರು ಶುರುವಾಗುವಲ್ಲಿಯವರೆಗಿನ ಬಿಳಿ ಭಾಗದ ಉದ್ದವೇ ಬೀಜ ಇದ್ದ ಆಳ.

ಕೆಳಗೆ ಹೋದ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮರುವರ್ಷ ಮತ್ತೆ ಮಗುಚಿದರೆ ಅದೇ ಮೇಲೆ ಬಂತು. ಇನ್ನೊಂದು ಅಪಾಯ ಮಜಲಿಗೇ ಸಂಬಂಧಿಸಿದ್ದು: 15-20 ಸೆಂ.ಮೀ. ಆಳಕ್ಕೆ ಹೋದ ನೇಗಿಲು ನೀರು ತಡೆಯುವ ಗಟ್ಟಿ ಪದರವನ್ನು ಒಡೆದರೆ ಗದ್ದೆಯಲ್ಲಿ ನೀರು ನಿಲ್ಲದು, ಸಾರವಿಲ್ಲದ ಮುರಕಲ್ಲಿನ (ಜಂಬಿಟ್ಟಿಗೆಯ) ಹರಳು ಮೇಲೆ ಬರುತ್ತದೆ. ಆದ್ದರಿಂದ ನಿಮ್ಮ ಗದ್ದೆಗೆ ಇದು ಬೇಡ.

ಕಳೆಯನ್ನು ಹುಟ್ಟಿಸಿಯೇ ಕೊಲ್ಲಿ. ಮೇ ತಿಂಗಳ ಮೊದಲ ಹದ ಮಳೆಗೆ ಉತ್ತು, ಹಲಗೆ ಹೊಡೆದು ಸಮ ಮಾಡಿ, ಎರಡು ವಾರ ಬಿಡಿ. ಕಳೆ ಎರಡು-ಮೂರು ಎಲೆ ಬಿಟ್ಟಾಗ, ಬಿಸಿಲಿರುವ ದಿನ ನೋಡಿ ಮೇಲಿನ ಮೂರು ಸೆಂ.ಮೀ. ಮಾತ್ರ ಕೆದಕಿ. ಅದೇ ಆಳದಲ್ಲಿ ಭತ್ತ ಬಿತ್ತಿ, ಆಮೇಲೆ ರೋಟವೇಟರ್ ಇಳಿಸಬೇಡಿ; ಇಳಿಸಿದರೆ ಕೆಳಗಿನ ಹೊಸ ಬೀಜಕ್ಕೆ ಬೆಳಕು ಕೊಟ್ಟಂತೆ. ಮಳೆ ಬಿಡದೆ ಹಿಡಿದರೆ ಕೆದಕಿದ ಕಳೆ ಮತ್ತೆ ಬೇರೂರುತ್ತದೆ. ಆ ವರ್ಷ ನೀರು ಕಟ್ಟಿ ಕೆಸರು ಮಾಡಿ ನೇಜಿ ನೆಡುವುದೇ ಲೇಸು. ಜೇಕು ಹೂ ಬಿಡುವ ಮೊದಲು ಕೀಳುವುದನ್ನಂತೂ ತಪ್ಪಿಸಲೇಬೇಡಿ.

ಪ್ರಶ್ನೆ: ಮಟ್ಟುಗುಳ್ಳ ಬದನೆಯ ಸಾಲಿನಲ್ಲಿ ಕೊನ್ನಾರಿ ಕಳೆ ತುಂಬಿದೆ. ಮೇಲೆ ದಪ್ಪಗೆ ಮಣ್ಣು ಏರಿಸಿದರೆ ನಿಂತೀತೇ?

ಉತ್ತರ: ನಿಲ್ಲದು. ಇದು ಬೀಜದಿಂದಲ್ಲ, ಗಡ್ಡೆಯಿಂದ ಹಬ್ಬುವ ಕಳೆ. ಗಡ್ಡೆಯಲ್ಲಿ ಕೂಡಿಟ್ಟ ಆಹಾರದ ಬಲದಿಂದ 15 ಸೆಂ.ಮೀ. ಮಣ್ಣನ್ನೂ ಸೀಳಿ ಬರುತ್ತದೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಚುಚ್ಚುತ್ತದೆ. ಟಿಲ್ಲರ್ ಹೊಡೆದು ಗಡ್ಡೆಗಳ ಸರ ತುಂಡಾದರೆ ಒಂದೊಂದು ಗಡ್ಡೆಯೂ ಬೇರೆ ಗಿಡವಾಗುತ್ತದೆ. ಕೊಯ್ಲು ಮುಗಿದ ಮೇಲೆ ಬಿರುಬಿಸಿಲಿನಲ್ಲಿ ಅಗೆದು ಗಡ್ಡೆಗಳನ್ನು ಮೇಲೆ ಹರಡಿ ಒಣಗಿಸಿ, ಮಳೆಗೆ ಮುಂಚೆ ಆರಿಸಿ ಸುಡಿ. ಬೆಳೆ ಇರುವಾಗ ಎರಡು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲೇ, ಕತ್ತಿಯ ಮೊನೆಯಿಂದ ಗಡ್ಡೆ ಸಮೇತ ಎಬ್ಬಿಸಿ ತೆಗೆಯಿರಿ.