ಅವ್ವನ ನೆನಪಿನ ಪುಟದಲ್ಲಿ ಟೇಕಡಿಗೆ ಜಾಗವಿಲ್ಲವೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಪುಣೆಯ ಕೋಥರೂಡಿನಲ್ಲಿ ನೆಲೆಸಿದ್ದೇವೆ. ಮುಂದಿನ ತಿಂಗಳು ಅವ್ವನ ವರ್ಷಾಂತಿಕ. ಅಂದು ಹಂಚುವ ಸ್ಮರಣ ಪುಸ್ತಿಕೆಗೆ, ಅವ್ವ ದಿನವೂ ನಸುಕಿನಲ್ಲಿ ವೇತಾಳ ಟೇಕಡಿ ಎಂಬ ಗುಡ್ಡ ಹತ್ತುತ್ತಿದ್ದುದನ್ನು, ರಜೆಯಲ್ಲಿ ನನ್ನ ಮಗಳನ್ನೂ ಕರೆದೊಯ್ಯುತ್ತಿದ್ದುದನ್ನು ಬರೆದುಕೊಟ್ಟೆ. ಅಣ್ಣ ಅದನ್ನು ಹೊಡೆದುಹಾಕಿ, ‘ಮಕ್ಕಳು ಮೊಮ್ಮಕ್ಕಳಿಗಾಗಿ ಜೀವ ತೇಯ್ದ ಮಹಾತಾಯಿ’ ಎಂದಷ್ಟೇ ಉಳಿಸಿದ್ದಾನೆ. ‘ಗುಡ್ಡ ಸುತ್ತಿದ್ದನ್ನು ಬರೆದರೆ ಬಂಧುಬಳಗ ಏನಂದಾರು’ ಎನ್ನುವುದು ಅವನ ಮಾತು. ಓದಿದ ಮಗಳು ‘ಇದರಾಗ ಅಜ್ಜಿನೇ ಇಲ್ಲ’ ಎಂದು ಅತ್ತಳು. ಟೇಕಡಿಯ ಮೇಲೆ ಅಜ್ಜಿಯ ಹೆಸರಿನಲ್ಲಿ ಗುಲ್‌ಮೊಹರ್ ನೆಡಬೇಕೆಂಬುದು ಅವಳ ಆಸೆ. ಅಣ್ಣನ ಮನಸ್ಸು ನೋಯಿಸದೆ ಏನು ಮಾಡಲಿ?

ಉತ್ತರ: ಪತ್ರದೊಂದಿಗೆ ನೀವು ಕಳಿಸಿದ, ಅಣ್ಣ ಹೊಡೆದುಹಾಕಿದ ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಬೆಳಕು ಹರಿಯುವ ಮೊದಲೇ ಎದ್ದು ಬೇಳೆಯನ್ನು ಕುಕ್ಕರಿಗಿಟ್ಟು, ಮೊಮ್ಮಗಳ ಡಬ್ಬಿಗೆ ಚಪಾತಿ ಪಲ್ಯ ತುಂಬಿ, ತಮಗೊಂದು ಬಾಟಲಿ ನೀರು, ದಾರಿಬದಿಯ ಸಸಿಗಳಿಗೆ ಇನ್ನೊಂದು ಬಾಟಲಿ ಹಿಡಿದು ಅವರು ಹೊರಡುತ್ತಿದ್ದರೆಂದು ಬರೆದಿದ್ದೀರಿ. ಮೇಲೆ ಹಳೆಯ ಕಲ್ಲುಗಣಿಯ ಹತ್ತಿರ ಮೊಮ್ಮಗಳ ಭುಜವನ್ನು ಮೆಲ್ಲಗೆ ಒತ್ತಿ ನಿಲ್ಲಿಸಿ, ಒಣಹುಲ್ಲಿನಲ್ಲಿ ನವಿಲು ಹೆಜ್ಜೆಯಿಡುವ ಸಪ್ಪಳವನ್ನು ಕೇಳಿಸುತ್ತಿದ್ದರು ಎಂದೂ ಬರೆದಿದ್ದೀರಿ. ಮಹಾತಾಯಿ ಎಂಬ ಮಾತನ್ನು ಯಾರ ತಾಯಿಗೂ ಹೇಳಬಹುದು, ಆದರೆ ಆ ಎರಡನೆಯ ಬಾಟಲಿ ನಿಮ್ಮ ಅವ್ವನದು ಮಾತ್ರ. ಆ ಪುಟ ಉಳಿಯಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗೆಂದು ನಿಮ್ಮ ಅಣ್ಣನವರನ್ನು ನಾನು ದೂರುವುದಿಲ್ಲ. ಅವರ ಅಂಜಿಕೆಗೆ ಕಾರಣವಿದೆ. ನಿಮ್ಮ ಅವ್ವನ ಕಾಲದಲ್ಲಿ ಹೆಂಗಸು ಗುಡಿಗೆ ಹೊರಟರೆ, ಸಂತೆಗೆ ಹೊರಟರೆ ಯಾರೂ ಕೇಳುತ್ತಿರಲಿಲ್ಲ. ತನ್ನ ಸಂತೋಷಕ್ಕೆಂದು ಹೊಸಿಲು ದಾಟಿದರೆ ಮಾತ್ರ ಮನೆ ಬಿಟ್ಟು ತಿರುಗುವವಳು ಎನ್ನಿಸಿಕೊಳ್ಳುತ್ತಿದ್ದಳು. ಆ ಮಾತು ಅವ್ವನ ಹೆಸರಿಗೆ ತಾಗಬಾರದೆಂದು ಮಗ ಅಡ್ಡ ನಿಂತಿದ್ದಾರೆ. ಅದೂ ಪ್ರೀತಿಯೇ. ಆದ್ದರಿಂದ ವರ್ಷಾಂತಿಕದ ವಿಧಿ, ಊಟ, ಕರೆಯುವವರ ಪಟ್ಟಿ ಎಲ್ಲವನ್ನೂ ಅವರ ಇಷ್ಟದಂತೆ ನಡೆಯಲು ಬಿಡಿ, ಈ ಒಂದು ಪುಟವನ್ನಷ್ಟೇ ಕೇಳಿ.

ಕೇಳುವಾಗ ಒಂದು ರಾಜಿಗೆ ಮಾತ್ರ ಒಪ್ಪಬೇಡಿ. ‘ಆರೋಗ್ಯಕ್ಕಾಗಿ ವಾಕಿಂಗ್ ಹೋಗುತ್ತಿದ್ದಳು ಎಂದು ಬರೆಯೋಣ’ ಎಂದು ಯಾರಾದರೂ ಸೂಚಿಸಿಯಾರು. ಅವ್ವ ಸಕ್ಕರೆ ಕಾಯಿಲೆಗೆ ಹೆದರಿ ಟೇಕಡಿ ಹತ್ತಿದವರಲ್ಲವೆಂದು ನೀವೇ ಬರೆದಿದ್ದೀರಿ. ಅವರಿಗೆ ಅಲ್ಲಿರುವುದು ಇಷ್ಟವಾಗಿತ್ತು, ಅಷ್ಟೆ. ಮನೆಗಾಗಿ ದುಡಿದ ಹೆಂಗಸಿಗೆ ತನ್ನದೆಂಬ ಒಂದು ಸಂತೋಷವಿತ್ತು ಎಂದು ಬರೆಯುವುದರಿಂದ ಅವಳ ದುಡಿಮೆ ಕಿರಿದಾಗುವುದಿಲ್ಲ. ಹೇಗೂ ಬೇಳೆ ಕುಕ್ಕರಿಗಿಟ್ಟ ಮೇಲೆಯೇ ಅವರು ಹೊರಟದ್ದು, ಮತ್ತು ಕರೆದೊಯ್ದದ್ದು ಮೊಮ್ಮಗಳನ್ನು. ಅಣ್ಣನವರು ಬಯಸುವ ತಾಯ್ತನವೂ ಅದೇ ಪುಟದಲ್ಲಿದೆ ಎಂಬುದನ್ನು ಅವರಿಗೆ ಓದಿ ತೋರಿಸಿ.

ಅದಕ್ಕೂ ಮುಂಚೆ ಮಗಳೊಡನೆ ಒಮ್ಮೆ ಬೆಳಗ್ಗೆ ಟೇಕಡಿಗೆ ಹೋಗಿ. ಅಲ್ಲಿಗೆ ದಿನವೂ ಬರುವವರು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲರು. ನಿಮ್ಮ ಅವ್ವ ಅವರಿಗೆಲ್ಲ ‘ಕಾಕು’ (ಮರಾಠಿಯಲ್ಲಿ ಚಿಕ್ಕಮ್ಮ) ಆಗಿದ್ದರೆಂದು ನೀವೇ ಬರೆದಿದ್ದೀರಿ. ಕಾಕು ಎಲ್ಲಿ ಕೂರುತ್ತಿದ್ದರು, ಏನು ಮಾತಾಡುತ್ತಿದ್ದರು, ಮಕ್ಕಳ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ನಿಮಗೂ ಅಣ್ಣನಿಗೂ ತಿಳಿಯದ ಎಷ್ಟೋ ಸಂಗತಿಗಳು ಅವರ ಬಳಿ ಇರುತ್ತವೆ. ಸಾಧ್ಯವಾದರೆ ಅಣ್ಣನನ್ನೂ ಜೊತೆಗೆ ಕರೆಯಿರಿ. ಆ ದಿನ ಪುಸ್ತಿಕೆಯ ಮಾತನ್ನೇ ಎತ್ತಬೇಡಿ.

ಗುಲ್‌ಮೊಹರ್ ವಿಷಯದಲ್ಲಿ ಮಗಳಿಗೆ ಮೆತ್ತಗೆ ತಿಳಿಹೇಳಬೇಕು. ಅದು ಮಡಗಾಸ್ಕರ್ ಮೂಲದ ಮರ. ಪುಣೆಯ ಟೇಕಡಿಗಳ ಮೇಲೆ ಹಿಂದೆ ಹಸಿರು ಬೇಗ ಬರಲೆಂದು ಹೇರಳವಾಗಿ ನೆಟ್ಟ ಗಿರಿಪುಷ್ಪ (ಗ್ಲಿರಿಸಿಡಿಯಾ) ಮರವೂ ಅಮೆರಿಕ ಖಂಡದಿಂದ ಬಂದದ್ದು. ಅದು ದಟ್ಟವಾಗಿ ಬೆಳೆದ ಕಡೆ ಇಲ್ಲಿನ ಹುಲ್ಲು, ಕುರುಚಲಿಗೆ ಜಾಗ ಉಳಿಯುವುದಿಲ್ಲ. ಅಜ್ಜಿ ತೋರಿಸಿದ ನವಿಲಿಗೆ ಆ ಹುಲ್ಲೇ ಮನೆ. ಮೇಲಾಗಿ ಟೇಕಡಿಯಲ್ಲಿ ಅರಣ್ಯ ಇಲಾಖೆಯ ಭೂಮಿಯಿದೆ, ಅಲ್ಲಿ ಅನುಮತಿಯಿಲ್ಲದೆ ನೆಡುವಂತಿಲ್ಲ. ಅನುಮತಿ ಪಡೆದು ಮುತ್ತುಗದಂಥ ಇಲ್ಲಿನದೇ ಸಸಿಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೂ ಮುಂದಿನ ಎರಡು ಮೂರು ಬೇಸಿಗೆ ಅದಕ್ಕೆ ನೀರು ಹೊರಬೇಕಾಗುತ್ತದೆ. ಅದಕ್ಕಿಂತ, ಮಾರ್ಚ್‌ನಿಂದ ಮೇ ವರೆಗೆ ಈಗಿರುವ ಸಸಿಗಳಿಗೆ ಕ್ಯಾನುಗಳಲ್ಲಿ ನೀರು ಹೊತ್ತು ಹಾಕುವ ಸ್ವಯಂಸೇವಕರ ಜೊತೆ ಅವಳು ಸೇರಲಿ. ಅಜ್ಜಿ ನೀರುಣಿಸಿದ ಸಸಿಗಳು ಯಾವುವೆಂದು ಅವಳಿಗೆ ಗೊತ್ತಿದೆಯಲ್ಲ.

ಇಷ್ಟಾದ ಮೇಲೂ ಅಣ್ಣನವರು ಒಪ್ಪದಿದ್ದರೆ ಪುಸ್ತಿಕೆ ಅವರ ಇಚ್ಛೆಯಂತೆಯೇ ಅಚ್ಚಾಗಲಿ. ಊಟ ಮುಗಿದು ಹತ್ತಿರದವರಷ್ಟೇ ಉಳಿದಾಗ ನಿಮ್ಮ ಪುಟವನ್ನು ಮಗಳಿಂದ ಓದಿಸಿ. ಓದುತ್ತಾಳೆಂದು ಅಣ್ಣನಿಗೆ ಮೊದಲೇ ಹೇಳಿಡಿ.