ದೊರೆಗಳಿಗಿಂತ ಮೊದಲು ಬೆಟ್ಟಗಳೇಕೆ? – ಸಂಪಾದಕರ ಉತ್ತರ

ಮಾನ್ಯರೆ,

ಹಿಂದಿನ ಸಂಚಿಕೆಯ ಇಥಿಯೋಪಿಯಾ ಪರಿಚಯ ಲೇಖನ ನಿಮ್ಮನ್ನು ಕೆರಳಿಸಿದೆ. ಇಷ್ಟು ಹಳೆಯ ರಾಜಪರಂಪರೆಯುಳ್ಳ ದೇಶದ ಬಗ್ಗೆ ಬರೆಯುವಾಗ ಅರ್ಧ ಲೇಖನವನ್ನು ಬೆಟ್ಟ, ಮಳೆ, ಬೆಳೆಗಳಿಗೆ ಕೊಟ್ಟು, ಇಟಲಿಯ ಸೇನೆಯನ್ನು ಸೋಲಿಸಿದ ಅದ್ವಾ ಕದನವನ್ನೂ ಚಕ್ರವರ್ತಿ ಹೈಲೆ ಸೆಲಾಸಿಯನ್ನೂ ಒಂದೆರಡು ವಾಕ್ಯಗಳಲ್ಲಿ ಮುಗಿಸಿದ್ದು ಅನ್ಯಾಯವೆಂದೂ, ದೇಶವನ್ನು ಕಟ್ಟುವವರು ಮನುಷ್ಯರೇ ಹೊರತು ಕಲ್ಲುಬಂಡೆಗಳಲ್ಲವೆಂದೂ ಬರೆದಿದ್ದೀರಿ. ನೈಲ್ ಅಣೆಕಟ್ಟಿನ ಜಗಳವೇನೆಂದು ಲೇಖನ ಹೇಳಲಿಲ್ಲವೆಂಬ ದೂರೂ ಜೊತೆಗಿದೆ. ಇಷ್ಟು ಗಮನವಿಟ್ಟು ಓದಿ ಜಗಳಕ್ಕೆ ಬರುವ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ; ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. 1984ರ ಕ್ಷಾಮವನ್ನು ಬರೀ ಮಳೆಯ ತಲೆಗೆ ಕಟ್ಟುವವರು, ಆಗಿನ ಸೈನಿಕ ಸರ್ಕಾರ ಉತ್ತರದ ಪ್ರಾಂತಗಳಲ್ಲಿ ನಡೆಸುತ್ತಿದ್ದ ಯುದ್ಧವನ್ನೂ ಜನರನ್ನು ಬಲವಂತವಾಗಿ ಬೇರೆಡೆಗೆ ಸಾಗಿಸಿದ್ದನ್ನೂ ಮರೆಮಾಚುತ್ತಾರೆ. ಇದನ್ನು ಒಪ್ಪಿದ ಮೇಲೂ ನನ್ನ ಹಟ ಹಟವೇ: ನೆಲದ ಏರಿಳಿತ ತಿಳಿಯದವರಿಗೆ ಈ ದೇಶದ ಇತಿಹಾಸ ಹೆಸರುಗಳ ಪಟ್ಟಿಯಾಗಿಯೇ ಉಳಿಯುತ್ತದೆ.

ಸುಮಾರು 11 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ದೇಶವನ್ನು ಸೀಳು ಕಣಿವೆ ಓರೆಯಾಗಿ ಎರಡು ಪ್ರಸ್ಥಭೂಮಿಗಳಾಗಿ ಒಡೆದಿದೆ. ಉತ್ತರದ ಸಿಮಿಯೆನ್ ಬೆಟ್ಟಸಾಲಿನ ಅತಿ ಎತ್ತರದ ಶಿಖರ 4,500 ಮೀಟರಿಗೂ ಎತ್ತರ. ಅಲ್ಲಿಂದ ಪೂರ್ವಕ್ಕೆ ಇಳಿದರೆ ದನಕಿಲ್ ತಗ್ಗು ಸಮುದ್ರಮಟ್ಟಕ್ಕಿಂತ 100 ಮೀಟರಿಗೂ ಕೆಳಗಿದೆ. ಆ ತಗ್ಗಿನಿಂದ ಕಡಿದು ತಂದ ಉಪ್ಪಿನ ಇಟ್ಟಿಗೆಗಳು ಮೇಲಿನ ಊರುಗಳಲ್ಲಿ ಶತಮಾನಗಳ ಕಾಲ ಹಣವಾಗಿ ಚಲಾವಣೆಯಲ್ಲಿದ್ದವು. ಇಥಿಯೋಪಿಯಾದವರೇ ತಮ್ಮ ನೆಲವನ್ನು ಎತ್ತರದ ಮೇಲೆ ವಿಂಗಡಿಸುತ್ತಾರೆ: ಬಿಸಿಯಾದ ಕೊಲ್ಲ, ಹದವಾದ ವೊಯ್ನ ದೇಗ, ತಂಪಾದ ದೇಗ. ಯಾವ ಊರಿನವರೆಂದು ಕೇಳುವ ಮೊದಲೇ ಈ ಮೂರರಲ್ಲಿ ಯಾವುದರವರೆಂದು ತಿಳಿದರೆ ಅವರ ಊಟ, ಉಡುಪು, ಸಾಕುವ ಪ್ರಾಣಿಗಳನ್ನೆಲ್ಲ ಬಹುಮಟ್ಟಿಗೆ ಊಹಿಸಬಹುದು. ಹದವಾದ ಎತ್ತರದಲ್ಲಿ ಎತ್ತಿನ ನೇಗಿಲು ಮತ್ತು ಸಾಸಿವೆಗಿಂತಲೂ ಚಿಕ್ಕ ಕಾಳಿನ ಟೆಫ್. ದಕ್ಷಿಣದ ಒದ್ದೆ ಬೆಟ್ಟಗಳಲ್ಲಿ ನೇಗಿಲನ್ನೇ ಬೇಡದ ಎನ್ಸೆಟ್, ನೋಡಲು ಬಾಳೆಯಂತಿದ್ದರೂ ಹಣ್ಣಿಗಲ್ಲ, ದಿಂಡು ಮತ್ತು ಗೆಡ್ಡೆಗಾಗಿ ಬೆಳೆಯುವ ಗಿಡ. ಅದರ ತಿರುಳನ್ನು ನೆಲದ ಗುಂಡಿಯಲ್ಲಿ ಹುಳಿಬರಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಸೀಮೆಯ ಸಮಾಜವೂ, ವರ್ಷಕ್ಕೊಮ್ಮೆ ಕಣ ಮಾಡಿ ಅದರಲ್ಲಿ ದೊರೆಗೂ ಚರ್ಚಿಗೂ ಪಾಲು ಅಳೆದುಕೊಡುತ್ತಿದ್ದ ಸೀಮೆಯ ಸಮಾಜವೂ ಒಂದೇ ಬಗೆಯಲ್ಲಿ ಬೆಳೆದಾವೇ? ಎಂಟು ವರ್ಷಕ್ಕೊಮ್ಮೆ ಅಧಿಕಾರವನ್ನು ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸುವ ಒರೊಮೊ ಜನರ ಗದಾ ಪದ್ಧತಿಯೂ ದನಗಾಹಿಗಳ ನಡುವೆ ರೂಪುಗೊಂಡದ್ದು. ಎಂಬತ್ತಕ್ಕೂ ಹೆಚ್ಚು ಭಾಷೆಗಳು ಒಂದೇ ದೇಶದಲ್ಲಿ ಉಳಿದುಬಂದದ್ದಕ್ಕೆ ಕಾರಣ ಕೇಳಿದರೆ, ನಾನು ಒಂದು ಕಿಲೋಮೀಟರಿಗೂ ಹೆಚ್ಚು ಆಳದ ನೀಲಿ ನೈಲ್ ಕಮರಿಯನ್ನು ಮೊದಲು ತೋರಿಸುತ್ತೇನೆ.

ಈಗ ನಿಮ್ಮ ದೊರೆಗಳ ವಿಷಯಕ್ಕೇ ಬರೋಣ. ಉತ್ತರದಲ್ಲಿದ್ದ ಪ್ರಾಚೀನ ಅಕ್ಸುಮ್ ರಾಜ್ಯ ಚಿನ್ನದ ನಾಣ್ಯ ಟಂಕಿಸಿದ್ದು, ನಾಲ್ಕನೆಯ ಶತಮಾನದಲ್ಲಿ ದೊರೆ ಎಜಾನ ಕ್ರೈಸ್ತಧರ್ಮ ಸ್ವೀಕರಿಸಿದ್ದು, ಏಳನೆಯ ಶತಮಾನದ ಆರಂಭದಲ್ಲಿ ಪ್ರವಾದಿ ಮುಹಮ್ಮದರ ಅನುಯಾಯಿಗಳಿಗೆ ಅಲ್ಲಿ ಆಶ್ರಯ ದೊರೆತದ್ದು, ಇವೆಲ್ಲ ಕೆಂಪು ಸಮುದ್ರದ ಅದುಲಿಸ್ ಬಂದರಿನ ನಂಟಿಲ್ಲದೆ ಅರ್ಥವಾಗುವ ಸಂಗತಿಗಳಲ್ಲ. ಆಮೇಲೆ ರಾಜ್ಯದ ಕೇಂದ್ರ ದಕ್ಷಿಣದ ಬೆಟ್ಟಗಳ ಒಳಕ್ಕೆ ಸರಿಯಿತು. ಹದಿಮೂರನೆಯ ಶತಮಾನದ ಕೊನೆಯಿಂದ ಅರಸರಿಗೆ ನಿಂತ ರಾಜಧಾನಿಯೇ ಇರಲಿಲ್ಲ. 1520ರಲ್ಲಿ ಹೋದ ಪೋರ್ಚುಗೀಸ್ ಪಾದ್ರಿ ಫ್ರಾನ್ಸಿಸ್ಕೊ ಅಲ್ವಾರೆಸ್ ಕಂಡದ್ದು ಅರಮನೆಯನ್ನಲ್ಲ, ಡೇರೆಗಳ ಊರನ್ನು. ಸುತ್ತಲಿನ ಸೌದೆ, ಧಾನ್ಯ ಮುಗಿದರೆ ಆ ಊರು ಎದ್ದು ಹೊರಡುತ್ತಿತ್ತು. 1636ರಲ್ಲಿ ದೊರೆ ಫಾಸಿಲಿದಸ್ ಗೊಂದರ್ ಊರಿನಲ್ಲಿ ನೆಲೆನಿಂತ. 1886ರಲ್ಲಿ ಹುಟ್ಟಿದ ಇಂದಿನ ರಾಜಧಾನಿ ಅಡಿಸ್ ಅಬಾಬಾ ಕೂಡ ಕೆಲವೇ ವರ್ಷಗಳಲ್ಲಿ ಸೌದೆಯಿಲ್ಲದೆ ಖಾಲಿಯಾಗುವುದರಲ್ಲಿತ್ತು. ಅದನ್ನು ಉಳಿಸಿದ್ದು ಆಸ್ಟ್ರೇಲಿಯಾ ಮೂಲದ, ಬೇಗ ಬೆಳೆಯುವ ನೀಲಗಿರಿ ಮರ. ಇಂದು ಆಫ್ರಿಕ ಒಕ್ಕೂಟದ ಕೇಂದ್ರವಾಗಿರುವ ನಗರದ ಹುಟ್ಟುಕಥೆಯಲ್ಲಿ ಒಂದು ಮರಕ್ಕೆ ಇಷ್ಟು ದೊಡ್ಡ ಪಾತ್ರವಿರುವುದು ನನಗಂತೂ ಯಾವ ವಂಶಾವಳಿಗಿಂತಲೂ ರೋಚಕ.

ಅದ್ವಾ ಕದನವನ್ನು ನೀವು ವೀರರ ಕಥೆಯಾಗಿ ಕೇಳಬಯಸುತ್ತೀರಿ. ಚಕ್ರವರ್ತಿ ಮೆನೆಲಿಕ್ ಮತ್ತು ರಾಣಿ ತೈತು ಸುಮಾರು ಒಂದು ಲಕ್ಷ ಜನರ ಸೇನೆಯನ್ನು ಕೂಡಿಸಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಅದೇ ಸೇನೆ ಸುತ್ತಲಿನ ಹಳ್ಳಿಗಳ ಧಾನ್ಯವನ್ನು ತಿಂದು ಮುಗಿಸಿ ಹಿಂದೆ ಸರಿಯುವ ಯೋಚನೆಯಲ್ಲಿತ್ತು. ಇತ್ತ ಇಟಲಿಯ ಸೇನಾನಿ ಬರತಿಯೆರಿ 1896ರ ಮಾರ್ಚ್ 1ರ ಹಿಂದಿನ ರಾತ್ರಿ ಸುಮಾರು 17 ಸಾವಿರ ಸೈನಿಕರನ್ನು ಕತ್ತಲಲ್ಲೇ ಬೆಟ್ಟದ ದಾರಿಗಳಲ್ಲಿ ಹೊರಡಿಸಿದ. ಅವನ ಕೈಯಲ್ಲಿದ್ದ ನಕಾಶೆಯಲ್ಲಿ ಕಿದಾನೆ ಮೆಹ್ರೆತ್ ಎಂಬ ಗುಡ್ಡದ ಗುರುತು ತಪ್ಪಾಗಿತ್ತು. ಒಂದು ದಳ ನಿಜವಾದ ಗುಡ್ಡವನ್ನು ಹುಡುಕಿಕೊಂಡು ಬಹಳ ಮುಂದೆ ಹೋಗಿ ಒಂಟಿಯಾಯಿತು. ಉಳಿದ ದಳಗಳೂ ಒಂದರ ನೆರವಿಗೆ ಒಂದು ಒದಗದೆ ಬೇರೆ ಬೇರೆಯಾಗಿ ನಾಶವಾದವು. ಆಫ್ರಿಕದ ನೆಲದಲ್ಲಿ ವಸಾಹತುಶಾಹಿಗೆ ಬಿದ್ದ ಅತಿ ದೊಡ್ಡ ಪೆಟ್ಟುಗಳಲ್ಲಿ ಒಂದರ ಹಿಂದೆ ಹೀಗೆ ಒಂದು ಕೆಟ್ಟ ನಕಾಶೆಯಿದೆ. ಭೂಗೋಳ ನೀರಸವೆನ್ನುವ ನಿಮ್ಮಂಥವರಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಖುಷಿಯಾಗುತ್ತದೆ, ಕ್ಷಮಿಸಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಪರದೇಶವೊಂದರ ಪರಿಚಯವೆಂದರೆ ರಾಜಧಾನಿ, ನಾಣ್ಯ, ಜನಸಂಖ್ಯೆ, ಅಧ್ಯಕ್ಷರ ಹೆಸರು ಎಂಬ ನಂಬಿಕೆ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಿಂದ ಹೊರಟು ಪತ್ರಿಕೆಗಳಿಗೂ ಹಬ್ಬಿದೆ. ಒಮ್ಮೆ ಗೊಂದರಿನ ಅರಸರ ಮೇಲೆ ಅಚ್ಚುಕಟ್ಟಾದ ಲೇಖನ ಕಳಿಸಿದ್ದವರೊಬ್ಬರನ್ನು, ಊರು ಬೆಟ್ಟದ ಮೇಲಿದೆಯೋ ಬಯಲಲ್ಲಿದೆಯೋ ಎಂದು ಕೇಳಿದೆ. ಅದು ತಮ್ಮ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಉತ್ತರ ಬಂತು. ನಕಾಶೆ ಮುದ್ರಿಸಿದರೆ ಜಾಗ ಹಾಳೆನ್ನುವವರು ನಮ್ಮ ಕಚೇರಿಯಲ್ಲೇ ಇದ್ದಾರೆ. ಆಫ್ರಿಕದ ಸುದ್ದಿಯಂತೂ ಕ್ಷಾಮವೋ ದಂಗೆಯೋ ಆದರೆ ಮಾತ್ರ ಪುಟ ಸೇರುತ್ತದೆ. 12 ಕೋಟಿಗೂ ಮೀರಿದ ಜನರ ದೇಶ 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ತನ್ನ ಕರಾವಳಿಯನ್ನೆಲ್ಲ ಕಳೆದುಕೊಂಡು, ಆಮದು ರಫ್ತಿನ ಬಹುಪಾಲಿಗೆ ಪುಟ್ಟ ಜಿಬೂಟಿಯ ಬಂದರನ್ನು ನೆಚ್ಚಿಕೊಂಡಿರುವುದು ಸುದ್ದಿಯೇ ಅಲ್ಲ.

ಅಣೆಕಟ್ಟಿನ ಜಗಳಕ್ಕೂ ಬೇರು ಅದೇ ಬೆಟ್ಟಗಳಲ್ಲಿದೆ. ಈಜಿಪ್ಟ್ ತಲುಪುವ ನೈಲ್ ನೀರಿನಲ್ಲಿ ಸುಮಾರು ಶೇ 85ರಷ್ಟು ಇಥಿಯೋಪಿಯಾದಿಂದ ಇಳಿಯುವಂಥದ್ದು, ಅದರಲ್ಲೂ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯದು. ಆದರೂ 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ವರ್ಷಕ್ಕೆ 55.5 ಮತ್ತು 18.5 ಶತಕೋಟಿ ಘನ ಮೀಟರಿನಂತೆ ನೀರನ್ನು ತಮ್ಮತಮ್ಮಲ್ಲೇ ಹಂಚಿಕೊಂಡಾಗ ಇಥಿಯೋಪಿಯಾ ಆ ಒಪ್ಪಂದದಲ್ಲಿ ಇರಲಿಲ್ಲ. 2011ರಲ್ಲಿ ಅದು ಸುಡಾನ್ ಗಡಿಯ ಹತ್ತಿರ ವಿದ್ಯುತ್ತಿಗಾಗಿ ಕಟ್ಟಲು ತೊಡಗಿದ ಅಣೆಕಟ್ಟು 2025ರಲ್ಲಿ ಉದ್ಘಾಟನೆಯಾಯಿತು. ಬರಗಾಲದ ವರ್ಷಗಳಲ್ಲಿ ಕೆಳಕ್ಕೆ ಎಷ್ಟು ನೀರು ಬಿಡಬೇಕೆಂಬುದು ಮೂರೂ ದೇಶಗಳ ವಾದದ ತಿರುಳು.

ದೊರೆಗಳ ಬಗ್ಗೆ ಪ್ರತ್ಯೇಕ ಲೇಖನ ಬೇಕೆಂದಿದ್ದೀರಿ. ಇಷ್ಟು ಓದಿಕೊಂಡಿರುವ ನೀವೇ ಬರೆದು ಕಳಿಸಿ, ಸಂತೋಷದಿಂದ ಅಚ್ಚುಹಾಕುತ್ತೇವೆ. ಷರತ್ತು ಒಂದೇ: ಪ್ರತಿಯೊಬ್ಬ ಅರಸನ ಹೆಸರಿನ ಮುಂದೆ ಅವನ ಡೇರೆ ಎಲ್ಲಿತ್ತು, ಅಲ್ಲಿಂದ ಯಾಕೆ ಎದ್ದಿತು ಎಂಬುದೂ ಇರಬೇಕು.

– ಸಂಪಾದಕ