ಹಿತ್ತಲಿಗೆ ಆರು ಹೇಂಟೆ: ಯಾವ ತಳಿ ತರಲಿ?

ಪ್ರಶ್ನೆ: ನಮ್ಮ ಮನೆ ತುಮಕೂರಿನ ಹತ್ತಿರದ ಹಳ್ಳಿಯಲ್ಲಿದೆ. ಹಿತ್ತಲಲ್ಲಿ 30 ಅಡಿ ಉದ್ದ, 20 ಅಡಿ ಅಗಲದ ಜಾಗ ಖಾಲಿ ಬಿದ್ದಿದೆ. ದಿನಕ್ಕೆ ಮೂರು ಮೊಟ್ಟೆ ಸಿಕ್ಕರೆ ಸಾಕು. ಮರಿ ಮಾರುವವರು ‘ಬಿವಿ 380 ತಗೊಳ್ಳಿ, ವರ್ಷಕ್ಕೆ 300 ಮೊಟ್ಟೆ’ ಅನ್ನುತ್ತಾರೆ. ನಮ್ಮತ್ತೆ ನಾಟಿ ಕೋಳಿಯೇ ಆಗಬೇಕು ಅನ್ನುತ್ತಾರೆ. ನಾನು ಇದುವರೆಗೆ ಕೋಳಿ ಸಾಕಿದವಳಲ್ಲ. ಯಾವುದು ತರಲಿ?

ಉತ್ತರ: ಬಿವಿ 380 ಮೊಟ್ಟೆಗೆಂದೇ ಬೆಳೆಸಿದ ಹೈಬ್ರಿಡ್ ಕೋಳಿ, ಅದು ಅಷ್ಟು ಮೊಟ್ಟೆ ಇಡುವುದು ಸುಳ್ಳಲ್ಲ. ಆದರೆ ಆ ಲೆಕ್ಕ ಬರುವುದು ದಿನಾ ಅಳತೆ ಪ್ರಕಾರ ಲೇಯರ್ ಫೀಡ್ (ಮೊಟ್ಟೆ ಕೋಳಿಗಳ ಸಿದ್ಧ ಆಹಾರ) ಹಾಕಿದರೆ ಮಾತ್ರ. ಅನ್ನ, ರಾಗಿ ಎರಚಿ ಸಾಕುವವರಿಗೆ ಅದು ಹೇಳಿದ್ದಲ್ಲ. ಇನ್ನು ನಾಟಿ ಕೋಳಿ ಗಟ್ಟಿಮುಟ್ಟು ಅಲ್ವಾ, ಅತ್ತೆಯವರ ಮಾತೂ ಸರಿ. ಆದರೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ವರ್ಷಕ್ಕೆ 60ರಿಂದ 80 ಮೊಟ್ಟೆ, ಅಷ್ಟೇ.

ನಿಮಗೆ ನಾನು ಹೇಳುವುದು ಸ್ವರ್ಣಧಾರ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಬೆಳೆಸಿದ ತಳಿ, 2005ರಲ್ಲಿ ಬಿಡುಗಡೆಯಾಯಿತು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ. ಆರು ಹೇಂಟೆ ಇದ್ದರೆ ನಿಮ್ಮ ಮೂರು ಮೊಟ್ಟೆಗೆ ಮೋಸವಿಲ್ಲ. 1989ರಲ್ಲಿ ಬಂದ ಗಿರಿರಾಜ ಹೆಚ್ಚು ಹೆಸರಾದದ್ದು. ಆದರೆ ಅದರ ಮೈ ಭಾರ, ಮಾಂಸಕ್ಕೂ ಬೇಕು ಅನ್ನುವವರಿಗೆ ಒಳ್ಳೆಯದು. ಸ್ವರ್ಣಧಾರ ಅದಕ್ಕಿಂತ ಹಗುರ, ನಾಯಿ, ಮುಂಗುಸಿ ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ. ಹೊಸಬರ ಮನೆಯಲ್ಲಿ ಎಷ್ಟೋ ಕೋಳಿ ಹೋಗುವುದು ನಾಯಿ, ಮುಂಗುಸಿ ಬಾಯಿಗೇ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ದಯವಿಟ್ಟು ಒಂದು ದಿನದ ಮರಿ ತರಬೇಡಿ. ಮೊದಲ ನಾಲ್ಕು ವಾರ ಬಲ್ಬಿನ ಶಾಖ ಕೊಡಬೇಕು, ರಾತ್ರಿ ಕರೆಂಟ್ ಹೋದರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಜತೆಗೆ ಅರ್ಧಕ್ಕರ್ಧ ಹುಂಜಗಳೇ ಆಗಬಹುದು. ಎರಡು ತಿಂಗಳು ತುಂಬಿದ, ಹೇಂಟೆ ಅಂತ ಗುರುತು ಸಿಗುವ ಮರಿಗಳನ್ನೇ ಕೊಳ್ಳಿ. ನಾಲ್ಕು ಕಾಸು ಹೆಚ್ಚಾದರೂ ಪರವಾಗಿಲ್ಲ. ಕೊಕ್ಕರೆ ರೋಗಕ್ಕೆ (ಕೋಳಿಗಳಿಗೆ ಬರುವ ರಾಣಿಖೇತ್ ರೋಗ) ಎಂಟನೇ ವಾರದ ಆರ್2ಬಿ ಲಸಿಕೆ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಾಕಿಸಿ.

ಮೊಟ್ಟೆಗೆ ಹುಂಜ ಬೇಕಿಲ್ಲ. ನಿಮ್ಮ ಜಾಗದಲ್ಲಿ ಹುಳುಹುಪ್ಪಟೆ ಬೇಗ ಮುಗಿದುಹೋಗುತ್ತದೆ, ಹಾಗಾಗಿ ಕೈತಿಂಡಿ ಹಾಕಲೇಬೇಕು. ಮೊಟ್ಟೆಗೆ ಬಂದ ಮೇಲೆ ಸುಣ್ಣದಂಶಕ್ಕೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ. ರಾತ್ರಿ ಗೂಡಿಗೆ ಗಟ್ಟಿ ಜಾಲರಿ, ಚಿಲಕ ಇರಲಿ.

ಐದೂವರೆ, ಆರು ತಿಂಗಳಿಗೆ ಜುಟ್ಟು ಕೆಂಪೇರುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ಹೇಂಟೆ ರೆಕ್ಕೆ ಅಗಲಿಸಿ ಹಾಗೇ ಕುಕ್ಕರಿಸುತ್ತದೆ. ಆಗ ಅದನ್ನು ಎತ್ತಿಕೊಂಡು, ಮೊಟ್ಟೆ ಬರುವ ದ್ವಾರದ ಕೆಳಗಿನ ಎರಡು ಚೂಪು ಮೂಳೆಗಳ ನಡುವೆ ಬೆರಳಿಟ್ಟು ನೋಡಿ. ಒಂದೇ ಬೆರಳು ಹಿಡಿದರೆ ಇನ್ನೂ ಸಮಯವಿದೆ. ಎರಡು ಬೆರಳು ಸಲೀಸಾಗಿ ಹಿಡಿದರೆ ಮೊಟ್ಟೆ ಹತ್ತಿರ ಬಂತು. ಅಂದೇ ಕತ್ತಲಿರುವ ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ ಇಡಿ.

ಅತ್ತೆಯವರಿಗಾಗಿ ಒಂದು ನಾಟಿ ಹೇಂಟೆಯೂ ಇರಲಿ. ಸ್ವರ್ಣಧಾರ ಕಾವಿಗೆ ಕೂರುವುದು ಕಡಿಮೆ. ಮುಂದೆ ಮರಿ ಮಾಡಿಸುವ ಆಸೆಯಾದರೆ ಹುಂಜವಿರುವ ಮನೆಯಿಂದ ಮೊಟ್ಟೆ ತಂದು ನಾಟಿಯ ಕೆಳಗಿಡಿ, 21 ದಿನಕ್ಕೆ ಮರಿ ಹೊರಬರುತ್ತವೆ.